ಹುಣಸೆಹಣ್ಣು ಹಚ್ಚಬೇಡಿ

ತಿಂಗಳಿಗೊಮ್ಮೆ, ಎರಡನೇ ಮಂಗಳವಾರ
ಶಿವಮೊಗ್ಗದ ಬಸ್ಸಿಳಿದು ಬರುತ್ತಾರೆ ಪಿಂಟೋ ಮೇಡಂ.
ಹೆಗಲಲ್ಲೊಂದು ಚೀಲ, ಮೆತ್ತನೆ ಕುಂಚ, ಆರು ಪೆನ್ಸಿಲು.
ಪೆನ್ನು ತರುವುದಿಲ್ಲ. ನನ್ನ ಜೇಬಿನದನ್ನೂ
ಬಾಗಿಲಲ್ಲೇ ಇಸಿದುಕೊಂಡು ಕಿಟಕಿಯ ಮೇಲಿಡುತ್ತಾರೆ:
'ಶಾಯಿ ಒಂದು ಹನಿ ಬಿದ್ದರೆ ಮುಗೀತು, ರುದ್ರೋಜಿಯವರೇ.'

ಮ್ಯೂಸಿಯಂ ಅಂದರೆ ನಗಬೇಡಿ.
ಭದ್ರಾವತಿ ಹಳೇ ನಗರದಲ್ಲಿ ಸೊಸೈಟಿಯ ಹಿಂದಿನ ಕೋಣೆ,
ಒಂದು ಕಾಲಕ್ಕೆ ಸೀಮೆಎಣ್ಣೆ ಅಳೆಯುತ್ತಿದ್ದದ್ದು;
ಜಡಿಮಳೆ ಹಿಡಿದರೆ ಗೋಡೆ ಇವತ್ತಿಗೂ ಅದೇ ವಾಸನೆ ಬೆವರುತ್ತದೆ.
ಅಲ್ಲಿ ಇನ್ನೂರ ಹದಿನಾಲ್ಕು ಹಿತ್ತಾಳೆ ಟೋಕನ್ನು,
ಬೆರಳು ಸುಟ್ಟುಹೋದ ಚರ್ಮದ ಗ್ಲೌಸು, ಎಡಗೈಯದು ಮಾತ್ರ,
ಕೂಸನ್ನು ಮಲಗಿಸುವಷ್ಟು ದೊಡ್ಡ ಎರಕದ ಸೌಟು,
ಹುಳ ತಿಂದ ಹಾಜರಿ ಪುಸ್ತಕ ಹನ್ನೊಂದು,
ಏನೆಂದು ಯಾರಿಗೂ ತಿಳಿಯದ ಒಂದು ಕೊಕ್ಕೆ.

ಮೊದಲ ಸಲ ಅವರು ಬರುವರೆಂದು
ಟೋಕನ್ನೆಲ್ಲ ಫಳಫಳ ಹೊಳೆಸಿಟ್ಟಿದ್ದೆ.
ಹುಣಸೆಹಣ್ಣು, ಉಪ್ಪು, ಹೆಂಡತಿಯ ಹಳೇ ಸೀರೆಯ ತುಂಡು,
ಎರಡು ರಾತ್ರಿ.
ಮೇಡಂ ಒಂದನ್ನೆತ್ತಿ ಬೆಳಕಿಗೆ ಹಿಡಿದರು.
ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.
'ಮೂವತ್ತು ವರ್ಷ ಒಬ್ಬನೇ ಮನುಷ್ಯನ ಬೆವರು
ಕೂಡಿಸಿಟ್ಟ ಕಪ್ಪು ಇತ್ತು ಇಲ್ಲಿ.
ಇನ್ನು ಮೇಲೆ ಹಚ್ಚಬೇಡಿ.'
ಆ ರಾತ್ರಿ ಮನೆಯ ಸಾರು ಗಂಟಲಲ್ಲಿ ಇಳಿಯಲಿಲ್ಲ.

ಅದಕ್ಕೇ ಸೌಟಿನ ಕುಂಕುಮ ಒರೆಸುವ ಮೊದಲು
ಒದ್ದೆ ಬಟ್ಟೆ ಹಿಡಿದು ಕೇಳಿಯೇ ಕೇಳಿದೆ.
ಆಯುಧಪೂಜೆಯ ಕುಂಕುಮ, ಪದರದ ಮೇಲೆ ಪದರ:
ಏಳುಮಲೈ ಮೇಸ್ತ್ರಿ ಇಟ್ಟದ್ದು; ಮೇಸ್ತ್ರಿ ಆಸ್ಪತ್ರೆಯಲ್ಲಿದ್ದ ವರ್ಷ
ಪೂಜೆ ತಪ್ಪಬಾರದೆಂದು ಖುದ್ದೂಸ್ ಸಾಹೇಬರು ಇಟ್ಟದ್ದು.
'ಇರಲಿ,' ಅಂದರು, 'ಅದೂ ವಸ್ತುವೇ.'
ನನಗೆ ತಲೆ ಕೆಟ್ಟಿತು. ಹೊಳಪು ತಪ್ಪಂತೆ, ಕುಂಕುಮ ಸರಿಯಂತೆ.
ಯಾವುದು ಕೊಳೆ, ಯಾವುದು ಗುರುತು,
ಅರವತ್ತೆಂಟನೇ ವಯಸ್ಸಿಗೆ ಶಾಲೆ.

ಆ ಕೊಕ್ಕೆಗೆ ಮೂವರು ಇಂಜಿನಿಯರು ಮೂರು ಹೆಸರು ಕೊಟ್ಟರು,
ಕ್ರೇನಿನದೇ ಭಾಗ ಎಂದು ಚಿತ್ರ ಬರೆದೂ ತೋರಿಸಿದರು.
ಕ್ಯಾಂಟೀನಿನ ದ್ಯಾವಮ್ಮ ಬಂದವಳು ಸೆರಗು ಬಾಯಿಗಿಟ್ಟು ನಕ್ಕಳು:
'ಅಯ್ಯೋ, ಅದು ನನ್ನ ಇಡ್ಲಿ ತಟ್ಟೆ ಎತ್ತೋ ಕೊಕ್ಕೆ ಕಣ್ರೀ!'
ಮೇಡಂ ಆ ಮಾತನ್ನು, ಆ 'ಅಯ್ಯೋ'ವನ್ನೂ ಬಿಡದೆ,
ತಾರೀಖು ಹಾಕಿ ಬರೆದುಕೊಂಡರು.

ಆಮೇಲೆ ಫಾರಂ.
ವಸ್ತು. ಅಳತೆ. ತೂಕ. ಸ್ಥಿತಿ.
ಸರಸರ ಸಾಗಿದ ಪೆನ್ಸಿಲು
'ಕೊಟ್ಟವರು' ಎಂಬಲ್ಲಿ ನಿಂತಿತು.

ಯಾರೂ ಕೊಡಲಿಲ್ಲ ಮೇಡಂ.
ನಮ್ಮ ಶೆಡ್ಡಿನ ಕುಲುಮೆ ಆರಿ, ಗುಜರಿ ಲಾರಿ ಸಾಲು ನಿಂತ ವಾರ
ಸ್ಟೋರಿನ ಬೀಗದ ಕೈ ನನ್ನ ಉಡಿದಾರದಲ್ಲಿತ್ತು.
ಟೋಕನ್ನು ಬುತ್ತಿ ಡಬ್ಬಿಯಲ್ಲಿ, ದಿನಕ್ಕೆ ಇಪ್ಪತ್ತು, ಮೇಲೆ ಚಿತ್ರಾನ್ನ.
ಹಾಜರಿ ಪುಸ್ತಕ ಬನಿಯನ್ನಿನೊಳಗೆ ಹೊಟ್ಟೆಗೆ ಅವುಚಿ.
ಸೌಟು ಕೈಗಾಡಿಯಲ್ಲಿ, ಹುಲ್ಲು ಮುಚ್ಚಿ.
ಗೇಟಿನ ನಂಜೇಗೌಡ ಆ ಹೊತ್ತು
ಚಂದ್ರನನ್ನು ನೋಡುತ್ತ ನಿಂತಿದ್ದ.
ಅವತ್ತು ಅಮಾವಾಸ್ಯೆ.

ಮೇಡಂ ನಗಲಿಲ್ಲ. ಪೆನ್ಸಿಲು ನನ್ನ ಕೈಗಿಟ್ಟರು.
'ಆದದ್ದನ್ನೇ ಬರೆಯಿರಿ. ದಾನ ಎಂದು ಬರೆದರೆ
ನಾಳೆ ಓದುವವರು ಕಂಪನಿಯೇ ಕೊಟ್ಟಿತು ಅಂದುಕೊಳ್ಳುತ್ತಾರೆ.
ಅವರಿಗೂ ಒಂದು ಕಾಗದ ಹಾಕೋಣ, ಒಪ್ಪಿಗೆ ಕೇಳಿ.'
ವಾಪಸು ಕೇಳಿದರೆ?
'ಕೇಳಬಹುದು,' ಅಂದರು.
ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು.
ಬರೆದೆ: 'ಕದ್ದದ್ದು.' ಅಳಿಸಿ, 'ಹೊತ್ತು ತಂದದ್ದು.'
ಅದನ್ನೂ ಅಳಿಸಿ ಮೊದಲಿನದನ್ನೇ ಬರೆದೆ,
ಇನ್ನೂರ ಹದಿನಾಲ್ಕು ಸಲ.

ಕಾಗದಕ್ಕೆ ಇನ್ನೂ ಉತ್ತರವಿಲ್ಲ.
ನನ್ನ ಅಂಗಿಯ ಜೇಬಿನಲ್ಲಿ ಒಂದು ಟೋಕನ್ನಿದೆ,
ಸಾವಿರದ ನೂರ ನಲವತ್ತೇಳು, ನನ್ನದೇ,
ಹುಣಸೆಹಣ್ಣು ಕಾಣದ್ದು ಅದೊಂದೇ.
ಅದರ ಫಾರಂ ತುಂಬಿಟ್ಟಿದ್ದೇನೆ, 'ಕೊಟ್ಟವರು' ಒಂದು ಬಿಟ್ಟು.
ಹೆಬ್ಬೆರಳು ಈಗಲೂ
ಅದೇ ಜಾಗದಲ್ಲಿ ಓಡಾಡುತ್ತದೆ.