ಒಂದು ಪಾಯಿಂಟ್ ಎರಡು ಎಂಟು

ಶಹಾಬಜಾರಿನ ಮಾಳಿಗಿ ಮ್ಯಾಲ ರಾತ್ರಿ ಎರಡು.
ಹಗಲೆಲ್ಲ ಕುಡಿದ ಬಿಸಲ
ಪರಸಿಕಲ್ಲು ಈಗ ಕಾರಲತ್ತದ.
ಕೂಲರಿಗೆ ಎರಡು ಕೊಡ ನೀರು ಹಾಕಿ
ಅದರ ಮಾರಿ ನನ್ನ ಕಡಿಂದ
ಸಿಪಿಯು ಕಡಿ ತಿರುವೀನಿ.

ಐದು ಗಿಗಾಹರ್ಟ್ಸ್ ಬೇಕು ನನಗ.
ವೋಲ್ಟೇಜ್ ಕೂದಲೆಳಿ ಏರಿಸಿದರ
ತೊಂಬತ್ತಾರು ಡಿಗ್ರಿ;
ಇಳಿಸಿದರ ನೀಲಿ ಪರದೆ,
ಮಾತಿನ ನಡುವ ಮೂರ್ಛಿ ಬಿದ್ದವರ ಹಂಗ.

ಮೋಟಾರ್ ಸುತ್ತುವ ಚಾಂದಪಾಷಾ ಚಾಚಾ
ನಿದ್ದಿ ಬರದೆ ಮ್ಯಾಲ ಬಂದ.
ಪರದೆ ನೋಡಲೇ ಇಲ್ಲ,
ಮೂಗು ಹಿಗ್ಗಿಸಿ ಮೂಸಿದ:
"ವಾರ್ನಿಷ್ ಸುಟ್ಟ ವಾಸನಿ ಇನ್ನಾ ಬಂದಿಲ್ಲ. ನಡಸು."

ಒಂದು ಪಾಯಿಂಟ್ ಎರಡು ಎಂಟು.
ನಾಲ್ಕು ಪಾಯಿಂಟ್ ಎಂಟಕ್ಕ ನಿಂತದ,
ಎಂಬತ್ತೊಂದು ಡಿಗ್ರಿ.
ಉಳಿದದ್ದು ಬಿಟ್ಟುಕೊಟ್ಟೆ
ಮೇ ತಿಂಗಳಿಗೆ.