ಫೆಬ್ರವರಿಯ ಅಂಕಿ

ಬಯಲೆಂದು ಬರೆದುಬಿಟ್ಟರೆ ಎಲ್ಲ ಸಲೀಸು.
ದೂರ ಇಮ್ಮಡಿಯಾದರೆ ಕಸುವು ಕಾಲುಭಾಗ,
ಘಾತ ಎರಡು, ಅಷ್ಟೇ.
ಪರದೆಯ ಮೇಲೆ ಅರವತ್ತು ಹಸಿರು ಚುಕ್ಕಿ
ಒಂದೂ ತಡವರಿಸದೆ
ನನ್ನ ಗೋಪುರಕ್ಕೆ ವರದಿ ಒಪ್ಪಿಸಿದವು:
ಆನೆ ಬಂತು, ಆನೆ ಹೋಯ್ತು.
ಶೆಟ್ಟಿಹಳ್ಳಿ ಕಾಡೆಂಬುದು
ಒಂದು ಮರವೂ ಇಲ್ಲದ ಆಕಾಶವಾಗಿತ್ತು.

ಚೂಡಾಮಣಿ ಮೇಡಂ ಕನ್ನಡಕ ಏರಿಸಿ ನೋಡಿ
"ಇದು ಚಂದ್ರನ ಮೇಲಿನ ಆನೆಯಾ?" ಅಂದರು.

ಎರಡು ಕಿರಣದ ಸೂತ್ರ ತೆಗೆದೆ.
ಒಂದು ನೇರ ಬರುತ್ತದೆ, ಇನ್ನೊಂದು ನೆಲಕ್ಕೆ ಬಡಿದು;
ಸೇರುವಲ್ಲಿ ಕೂಡಲೂಬಹುದು, ಕಳೆಯಲೂಬಹುದು.
ಗಾಜನೂರಿನ ಹಿನ್ನೀರಿನ ಮೇಲೆ
ಗಾಳಿ ನಿಂತ ಬೆಳಿಗ್ಗೆ ಇದು ಸತ್ಯವೇ.
ಆದರೆ ಆನೆ ತೆಪ್ಪದಲ್ಲಿ ಬರುವುದಿಲ್ಲ.

ಪುಸ್ತಕದಲ್ಲಿ ಕಾಡಿಗೆ ನಾಲ್ಕು ಅಂತಿದೆ.
ಯಾವ ಕಾಡು, ಯಾವ ತಿಂಗಳು ಅಂತಿಲ್ಲ.
ಎಲ್ಲೋ ಪೈನ್ ಮರಗಳ ನಡುವೆ ಯಾರೋ ಅಳೆದಿರಬೇಕು,
ನಮ್ಮ ಮತ್ತಿಗೂ ನಂದಿಗೂ ಸಾಗುವಾನಿಗೂ
ಅದೇ ಅಂಗಿ.

ಹಾಗಾಗಿ ಬೈಕು, ಒಂದು ಡಬ್ಬಿ, ಅಳತೆ ಟೇಪು,
ಹಾದಿ ತೋರಲು ಪುರದಾಳಿನ ವಾಚರ್ ಕೆರಿಯಪ್ಪ.
ಹತ್ತು ಮೀಟರಿಗೊಮ್ಮೆ ನಿಂತು ಬರೆದುಕೊಂಡೆ:
ಮೈನಸ್ ಎಪ್ಪತ್ತೊಂದು,
ಮೈನಸ್ ಎಂಬತ್ತು,
ಮತ್ತೆ ಮೈನಸ್ ಎಪ್ಪತ್ತಾರು. ದೂರ ಹೋದಷ್ಟೂ ಜೋರು!
ಕೆರಿಯಪ್ಪ ಎಲೆಗೆ ಸುಣ್ಣ ಸವರುತ್ತ ಹೇಳಿದರು:
"ಆ ಹುತ್ತದ ಹತ್ರ ನಮ್ ವಾಕಿಟಾಕಿ ಮಾತಾಡ್ತದೆ,
ಹಳ್ಳ ಇಳಿದ್ರೆ ಮೂಗಿ.
ಬಂಡೆ ಹತ್ತಿ ಎಡಕ್ಕೆ ತಿರುಗ್ರಿ, ಆಗ ಸಿಗ್ತದೆ.
ಯಾಕೆ ಅಂತ ಕೇಳಬ್ಯಾಡಿ."
ಕೇಳುವುದೇ ನನ್ನ ಓದು ಎಂದು ನಾನು ಅನ್ನಲಿಲ್ಲ.

ರಾತ್ರಿ ಲ್ಯಾಬಿನಲ್ಲಿ ನೂರ ಹನ್ನೆರಡು ಚುಕ್ಕಿ ಹರಡಿ
ಗೆರೆ ಎಳೆದೆ. ಘಾತ ಮೂರು ಬಿಂದು ನಾಲ್ಕು.
ಒಂದು ಚುಕ್ಕಿಯೂ ಗೆರೆಯ ಮೇಲೆ ಕೂತಿರಲಿಲ್ಲ.
ಗೆರೆಗೂ ಚುಕ್ಕಿಗೂ ನಡುವೆ ಉಳಿದದ್ದಕ್ಕೆ
ನಮ್ಮಲ್ಲಿ ನೆರಳು ಅನ್ನುತ್ತೇವೆ, ಗುರುತು ಸಿಗ್ಮಾ,
ಬೆಲೆ ಏಳೂವರೆ ಡೆಸಿಬಲ್.
ಹುತ್ತ, ಹಳ್ಳ, ಬಂಡೆ, ಎಡಕ್ಕೆ ತಿರುಗಿ ನಿಂತ ಕೆರಿಯಪ್ಪ,
ಎಲ್ಲ ಆ ಏಳೂವರೆಯೊಳಗೆ.
ಕಂಪ್ಯೂಟರು ಅದನ್ನು ದಾಳ ಹಾಕಿ ಹಂಚುತ್ತದೆ,
ಒಮ್ಮೊಮ್ಮೆ ಹಳ್ಳಕ್ಕೆ ಮಾತು ಕೊಟ್ಟು
ಬಂಡೆಯ ಬಾಯಿ ಕಟ್ಟುತ್ತದೆ.

ಅರವತ್ತರಲ್ಲಿ ಹತ್ತೊಂಬತ್ತು ಕೆಂಪಾದವು.
ಮೇಡಂ ಮೊದಲ ಸಲ ಹೂಂ ಅಂದರು.

ಆ ಖುಷಿಗೆ ಕೆರಿಯಪ್ಪನವರಿಗೆ ಫೋನು ಮಾಡಿದೆ.
ಪೂರ್ತಿ ಕೇಳಿಸಿಕೊಂಡರು, ಉಗಿದು ಬಂದರು.
"ಅಲ್ರೀ, ಈಗ ಸಾಗುವಾನಿ ಬೋಳು.
ನಿಮ್ ಡಬ್ಬಿ ಇನ್ನೂ ಕಾಡನ್ನೇ ಕಂಡಿಲ್ಲ.
ಆನೆ ಇಳಿಯೋದು ಭತ್ತ ಹೊಡೆ ಹಾಕಿದಾಗ,
ಎಲೆ ಮೇಲೆ ಎಲೆ ಇರ್ತದೆ ಆವಾಗ, ಅದರ ಮೇಲೆ ನೀರು.
ಆಗ ಬಂದು..."
ಹಳ್ಳ ಇಳಿದರೋ ಏನೋ, ಲೈನು ಸತ್ತಿತು.

ವರದಿಗೆ ಗಡುವು ಶುಕ್ರವಾರ.
ಭತ್ತಕ್ಕೆ ಇನ್ನೂ ಎಂಟು ತಿಂಗಳು.

ಮೂರು ಬಿಂದು ನಾಲ್ಕನ್ನು ನಾನು ಅಳಿಸಲಿಲ್ಲ.
ಅದರ ಪಕ್ಕದಲ್ಲಿ, ಯಂತ್ರ ಓದದೆ ದಾಟಿಹೋಗುವ ಸಾಲಿನಲ್ಲಿ
ಮುಂದೆ ಈ ಕಡತ ತೆರೆಯುವವರಿಗೆ ಬರೆದೆ:
ಇದು ಎಲೆಯುದುರಿದ ಕಾಡು.
ಹತ್ತೊಂಬತ್ತು ಎಂಬುದು ಕಡಿಮೆ ಲೆಕ್ಕ.
ಹಳ್ಳದ ಬಗ್ಗೆ ಕೆರಿಯಪ್ಪನವರನ್ನು ಕೇಳಿ.