ನಿಧಾನಕ್ಕೆ ಉಣ್ಣುವವನು

ಆಯನೂರಿನ ಆಚೆ ಮೆಕ್ಕೆಜೋಳದ ಲಾರಿ
ನಿಂತ ಟ್ರ್ಯಾಕ್ಟರಿಗೆ ಗುದ್ದಿ
ಸ್ಟಿಯರಿಂಗ್ ಎದೆಗೆ ಒತ್ತಿಕೊಂಡಿತ್ತಂತೆ.
ಮೈಮೇಲೆ ಒಂದು ಹನಿ ರಕ್ತವಿಲ್ಲ.
ಅಂಗಿ ಜೇಬಲ್ಲಿ ನಾಲ್ಕು ಕಾಳು, ತೂಕದ ಚೀಟಿ.

ಶಿವಮೊಗ್ಗದಲ್ಲಿ ರಾತ್ರಿ ಪಾಳಿ. ಪರದೆಯ ಮುಂದೆ ನಾನು,
ಗೂಟದಲ್ಲಿ ನನ್ನ ಸೀಸದ ನಿಲುವಂಗಿ.
ಮಹಾಧಮನಿ ಬಾಗುವಲ್ಲಿ ಒಂದು ಉಬ್ಬು:
ಒಳಪದರ ಹರಿದು, ಹೊರಗಿನದೊಂದೇ
ಒಗೆದು ಒಗೆದು ತೆಳುವಾದ ಪಂಚೆಯ ಹಾಗೆ
ಅಷ್ಟೂ ರಕ್ತವನ್ನು ತಡೆದು ನಿಂತಿದೆ.
"ಕವಲು ಎಣಿಸು," ಅಂದರು ಡಾಕ್ಟರ್ ಮೇದಿನಿ.
ಮೂರಿರಬೇಕು. ನಾಲ್ಕು.
ಮತ್ತೆ ಎಣಿಸಿದೆ.

ಬಲಗೈಗೆ ಹೋಗುವ ನಾಳ
ಎಲ್ಲರಲ್ಲೂ ಮೊದಲು ಹೊರಡುವುದು, ಇವನಲ್ಲಿ ಕೊನೆಗೆ,
ಎಡದಲ್ಲಿ ಹುಟ್ಟಿ, ಅನ್ನನಾಳದ ಬೆನ್ನ ಹಿಂದೆ
ಹಿತ್ತಲು ಹಾಯುವವರ ಹಾಗೆ ಬಲಕ್ಕೆ ದಾಟಿದೆ.
ಹರಿದದ್ದು ಅದರ ಬಾಯಿಯ ಪಕ್ಕದಲ್ಲೇ.

ಹೊರಗೆ ಬೆಂಚಿನ ಮೇಲೆ ಬಂಗಾರಮ್ಮ.
"ಅವರಿಗೆ ನುಂಗೋಕೆ ತೊಂದರೆ ಇತ್ತೇನಮ್ಮ?"
"ತೊಂದರೆ ಏನಿಲ್ಲ ಮೇಡಂ. ನಿಧಾನ.
ಮುದ್ದೆ ಆದ್ರೂ ಅಷ್ಟೇ, ಅನ್ನ ಆದ್ರೂ ಅಷ್ಟೇ,
ತುತ್ತಿಗೊಂದು ಗುಟುಕು ನೀರು.
ಮದುವೆ ಮನೇಲಿ ಪಂಕ್ತಿ ಎದ್ರೂ ಇವರು ಸಾರಲ್ಲೇ,
ಎಲೆ ಎತ್ತೋರು ಕಾಯ್ತಾ ನಿಂತಿರೋರು.
ಎಷ್ಟು ಬೈದಿದೀನಿ..."
ಮಾತು ಅಲ್ಲೇ ನಿಂತಿತು.
ಶಾಯಿ ಡಬ್ಬಿ ಬೇಡ, ಸಹಿ ಬರುತ್ತೆ ಅಂದಳು.

ಉಡುಪಿ ಕಡೆಯಿಂದ, ಆಗುಂಬೆ ಹತ್ತಿ,
ಟ್ಯಾಕ್ಸಿಯಲ್ಲಿ ಬಂತು ಉದ್ದನೆ ಪೆಟ್ಟಿಗೆ:
ಇಪ್ಪತ್ತಾರು ಮಿಲಿಮೀಟರ್, ಬಟ್ಟೆ ಹೊದ್ದ ಲೋಹದ ಬಲೆ.
ಹರಕು ಮುಚ್ಚಿದರೆ ಬಲಗೈಯ ಬಾಯೂ ಮುಚ್ಚುತ್ತದೆ.
ಅದಕ್ಕೇ ಮೊದಲು ಕತ್ತಿನಲ್ಲಿ ಹೊಲಿದರು
ಕೈಗೊಂದು ಬೇರೆ ದಾರಿ.
ಆಮೇಲೆ ತೊಡೆಸಂದಿಯಿಂದ ತಂತಿ
ಬೂದುಬಣ್ಣದ ಪರದೆಯಲ್ಲಿ ಮೆಲ್ಲನೆ ಮೇಲೆ, ಇನ್ನೂ ಮೇಲೆ.
"ಉಸಿರು ತಡೀರಿ." ಬಲೆ ಅರಳಿತು.
ಬಣ್ಣ ಬಿಟ್ಟು ನೋಡಿದೆವು. ಉಬ್ಬಿನೊಳಕ್ಕೆ ಹೋಗಲಿಲ್ಲ.
ಸ್ವಲ್ಪ ಹೊತ್ತು ಯಾರೂ ಏನೂ ಅನ್ನಲಿಲ್ಲ.
ಆಮೇಲೆ ಯಾರೋ, ಎ.ಸಿ. ಕಡಿಮೆ ಮಾಡ್ರಪ್ಪ ಅಂದರು.

ಐದನೇ ದಿನ ವಾರ್ಡಿಗೆ ಹೋದೆ,
ಅಲ್ಲಿ ನನಗೇನೂ ಕೆಲಸವಿರಲಿಲ್ಲ.
ಹುಚ್ರಾಯಪ್ಪ ಇಡ್ಲಿ ಬಿಟ್ಟು ಕೈ ಕೊಟ್ಟ.
ಬಲಮಣಿಕಟ್ಟಿನ ನಾಡಿ
ಎಡಕ್ಕಿಂತ ಮೆತ್ತಗೆ. ಇದೆ.

ಇಡೀ ವಾರ್ಡಿನ ತಟ್ಟೆ ತೊಳೆದಾಗಿತ್ತು.
ಇವನದು ಇನ್ನೂ ಎರಡನೇ ಇಡ್ಲಿ.
ಬಂಗಾರಮ್ಮ ನೀರಿನ ಲೋಟ ಹಿಡಿದು ಕೂತಿದ್ದಳು
ಅವನ ಗಂಟಲನ್ನೇ ನೋಡುತ್ತ.